ಪ್ರಿಂಟರ್, ವೈ-ಫೈ ದಿಢೀರ್ ನಿಂತರೆ ವೈರಸ್ ಬಂದಿದೆ ಅಂತಲೇ ಅರ್ಥವೇ?

‘ಕಂಪ್ಯೂಟರ್ ಆನ್ ಮಾಡಿದ ಮೇಲೆ ಪ್ರಿಂಟರ್ ಅಥವಾ ವೈ-ಫೈ ಕೆಲಸ ಮಾಡದಿದ್ದರೆ ವೈರಸ್ ಹೊಕ್ಕಿದೆ, ಕೂಡಲೇ ಫಾರ್ಮ್ಯಾಟ್ ಮಾಡಿಸಿ.’ ಇಂಥ ಮಾತು ವಾಟ್ಸಾಪ್‌ನಲ್ಲೂ ಅಂಗಡಿ ಕಟ್ಟೆಯಲ್ಲೂ ಕೇಳುತ್ತಲೇ ಇರುತ್ತೇವೆ. ಭೀಮಸಮುದ್ರದ ಅಡಿಕೆ ವ್ಯಾಪಾರಿಯೊಬ್ಬರು ಇದನ್ನು ನಂಬಿ ಫಾರ್ಮ್ಯಾಟ್ ಮಾಡಿಸಿದರೆ, ಬ್ಯಾಕಪ್ ಇಲ್ಲದಿದ್ದಲ್ಲಿ ಸೀಸನ್ನಿನ ಲೆಕ್ಕವೆಲ್ಲ ಹೋದಂತೆಯೇ. ಹಾಗಾದರೆ ನಿಜಕ್ಕೂ ಆಗುವುದೇನು? ನೋಡೋಣ.

ಆಪರೇಟಿಂಗ್ ಸಿಸ್ಟಮ್‌ನ ಒಳತಿರುಳಿಗೆ ಕರ್ನಲ್ ಎನ್ನುತ್ತಾರೆ. ಪ್ರಿಂಟರ್, ವೈ-ಫೈ ಕಾರ್ಡ್, ಬೆರಳಚ್ಚು ಯಂತ್ರ ಇವುಗಳ ಭಾಷೆ ಬೇರೆ ಬೇರೆ. ನಡುವೆ ನಿಂತು ಮಾತು ಕುದುರಿಸುವ ತಂತ್ರಾಂಶವೇ ಡ್ರೈವರ್. ಮಂಡಿಯ ದಲಾಲಿ ಇದ್ದಂತೆ ಅನ್ನಿ. ವ್ಯತ್ಯಾಸವೆಂದರೆ, ಕರ್ನಲ್ ಒಳಗೆ ಕೂರುವ ದಲಾಲಿಯ ಕೈಯಲ್ಲಿ ತಿಜೋರಿ ಕೀಲಿಯೂ ಇರುತ್ತದೆ. ಅವನು ಎಡವಿದರೆ ಇಡೀ ಅಂಗಡಿಯೇ ಬಂದ್.

ಇದಕ್ಕೆ ದೊಡ್ಡ ಉದಾಹರಣೆ 2024ರ ಜುಲೈ 19. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ನಿಧಾನವಾಗಿ ಸಾಲು ಬೆಳೆಯಿತು. ದೇಶದ ಹಲವು ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ‘ಸೈಬರ್ ದಾಳಿ’ ಎಂಬ ಸಂದೇಶಗಳು ಹರಿದಾಡಿದವು. ಅದು ದಾಳಿಯಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ತಂತ್ರಾಂಶ ವಿಂಡೋಸ್ ಕರ್ನಲ್‌ನಲ್ಲಿ ಡ್ರೈವರ್ ಆಗಿ ಕೂರುತ್ತದೆ. ಅಂದು ಬೆಳಿಗ್ಗೆ ನಮ್ಮ ಸಮಯ 9.39ಕ್ಕೆ ಬಂದ ಒಂದು ಫೈಲ್‌, ಡ್ರೈವರ್‌ ಬಳಿ 20 ಮಾಹಿತಿಗಳಷ್ಟೇ ಇರುವಾಗ 21ನೆಯದನ್ನೂ ನೋಡುವಂತೆ ಮಾಡಿತು. ಇಲ್ಲದ ಜಾಗಕ್ಕೆ ಕೈ ಹಾಕಿದ ಡ್ರೈವರ್ ಕುಸಿಯಿತು, ಜತೆಗೆ ವಿಂಡೋಸ್ ಕೂಡ. ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ಕಂಪ್ಯೂಟರ್‌ಗಳಲ್ಲಿ ನೀಲಿ ಪರದೆ ಬಂತು. ಕಂಪನಿ 10.57ಕ್ಕೇ ಫೈಲ್ ಹಿಂಪಡೆದರೂ ಪ್ರಯೋಜನವಾಗದ ಯಂತ್ರಗಳು ಎಷ್ಟೋ. ಆನ್ ಆಗುವಾಗಲೇ ಆ ಡ್ರೈವರ್ ಲೋಡ್ ಆಗುತ್ತಿತ್ತು, ಮತ್ತೆ ಕುಸಿಯುತ್ತಿತ್ತು. ಸೇಫ್ ಮೋಡ್‌ನಲ್ಲಿ ತೆರೆದು ಆ ಒಂದು ಫೈಲ್ ಅಳಿಸಬೇಕಾಯಿತು. ಗಮನಿಸಿ, ಇಲ್ಲೂ ಫಾರ್ಮ್ಯಾಟ್ ಬೇಕಿರಲಿಲ್ಲ.

ಲಿನಕ್ಸ್‌ನಲ್ಲಿ ಡ್ರೈವರ್‌ಗಳು ಬಹುಪಾಲು ‘ಮಾಡ್ಯೂಲ್’ ರೂಪದಲ್ಲಿರುತ್ತವೆ. ಬೇಕಾದಾಗ ಒಳಗೆ ಬರುತ್ತವೆ. ಕಾಸರಗೋಡಿನ ಸರ್ಕಾರಿ ಕನ್ನಡ ಶಾಲೆಗಳ ಮಕ್ಕಳು ಕಂಪ್ಯೂಟರ್ ಕಲಿಯುವುದು ಲಿನಕ್ಸ್‌ನಲ್ಲೇ, ಹಾಗಾಗಿ ಇದೇನೂ ದೂರದ ಮಾತಲ್ಲ. ಒಂದು ಮಾಡ್ಯೂಲ್ ಯಾವ ಕರ್ನಲ್ ಆವೃತ್ತಿಗೆ ತಯಾರಾಗಿದೆಯೋ ಅದಕ್ಕೇ ಹೊಂದುತ್ತದೆ. ಅಪ್‌ಡೇಟ್ ಆದ ಮರುದಿನ ವೈ-ಫೈ ಮಾಯವಾದರೆ ಮೊದಲ ಅನುಮಾನ ಇಲ್ಲೇ ಇರಲಿ, ಅದರಲ್ಲೂ ಹೊರಗಿನಿಂದ ತಂದು ಹಾಕಿದ ಡ್ರೈವರ್ ಆಗಿದ್ದರೆ. ಕಂಪ್ಯೂಟರ್ ಶುರುವಾಗುವಾಗ ಹಳೆಯ ಕರ್ನಲ್ ಆರಿಸಿ ನೋಡಿ. ವೈ-ಫೈ ಬಂದರೆ ಕಳ್ಳ ಸಿಕ್ಕಂತೆ. ಹೊಸ ಕರ್ನಲ್‌ಗೆ ಡ್ರೈವರ್ ಮತ್ತೆ ಹಾಕಿಸಿದರೆ ಸಾಕು.

ಸೆಕ್ಯೂರ್ ಬೂಟ್ ಇನ್ನೊಂದು ಕಾರಣ. ನಂಬಿಕೆಯ ಡಿಜಿಟಲ್ ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಬಾಗಿಲಲ್ಲೇ ತಡೆಯುತ್ತದೆ. ಇದು ವೈರಸ್ ಲಕ್ಷಣವಲ್ಲ, ಕಾವಲು ಕೆಲಸ ಮಾಡುತ್ತಿದೆ ಎಂಬುದರ ಗುರುತು. ಕೆಲವೊಮ್ಮೆ ಮಾಡ್ಯೂಲ್ ಲೋಡ್ ಆಗಿರುತ್ತದೆ, ಸಾಧನಕ್ಕೆ ಬೇಕಾದ ಫರ್ಮ್‌ವೇರ್ ಫೈಲ್ ಇರುವುದಿಲ್ಲ. ಊಹಿಸುತ್ತ ಕೂರಬೇಕಿಲ್ಲ: ‘ಎಲ್ಎಸ್‌ಮಾಡ್’ ಆಜ್ಞೆ ಯಾವ ಮಾಡ್ಯೂಲ್ ಒಳಗಿದೆ ಎಂದು ತೋರಿಸುತ್ತದೆ, ‘ಡಿಮೆಸೇಜ್’ ಕರ್ನಲ್ ಏನು ದೂರಿದೆ ಎಂದು ಹೇಳುತ್ತದೆ. ರಿಪೇರಿ ಅಂಗಡಿಗೆ ಹೋದಾಗ ‘ಕರ್ನಲ್ ಲಾಗ್ ನೋಡಿದಿರಾ?’ ಎಂದು ಕೇಳಿಬಿಡಿ.

ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿರುವುದೂ ಲಿನಕ್ಸ್ ಕರ್ನಲ್ಲೇ. ಅದರ ಡ್ರೈವರ್‌ಗಳು ಬರುವುದು ಫೋನ್ ಕಂಪನಿಯ ಸಿಸ್ಟಮ್ ಅಪ್‌ಡೇಟ್ ಮೂಲಕ. ರೂಟ್ ಮಾಡದ ಫೋನಿನಲ್ಲಿ ಸಾಮಾನ್ಯ ಆ್ಯಪ್‌ಗೆ ಡ್ರೈವರ್ ಬದಲಿಸುವ ಅಧಿಕಾರವೇ ಇಲ್ಲ. ಆದ್ದರಿಂದ ‘ಡ್ರೈವರ್ ಅಪ್‌ಡೇಟ್ ಮಾಡಿ ಫೋನ್ ವೇಗ ಹೆಚ್ಚಿಸುವ ಆ್ಯಪ್’ ಎಂಬ ಲಿಂಕ್ ಬಂದರೆ ಒತ್ತಬೇಡಿ, ಫಾರ್ವರ್ಡ್ ಕೂಡ ಮಾಡಬೇಡಿ.