ಗೂಡು ಕೆಡಹುವ ಮುನ್ನ

ಉಮರ್ಗಾ, ನಿಲಂಗಾ, ಉದಗೀರ ಭಾಗಗಳಿಂದ ಹೊಟ್ಟೆಪಾಡಿಗಾಗಿ ಮುಂಬಯಿಗೆ ಹೋಗಿ ಬಂದವರಲ್ಲಿ ದಾದರಿನ ಕಬೂತರಖಾನೆಯನ್ನು ನೋಡದವರು ವಿರಳ. ರೈಲು ನಿಲ್ದಾಣಕ್ಕೆ ಅನತಿದೂರದಲ್ಲಿರುವ ಆ ಸ್ಥಳದಲ್ಲಿ ಭಾವುಕರು ಅನೇಕ ದಶಕಗಳಿಂದ ಕಾಳು ಚೆಲ್ಲುತ್ತ ಬಂದರು. ಪಾರಿವಾಳಗಳು ತಲೆಮಾರುಗಳಿಂದ ಅದನ್ನೇ ನಂಬಿ ಬದುಕಿದವು. 2025ರ ಜುಲೈ ತಿಂಗಳಲ್ಲಿ ನಗರದ 51 ಕಬೂತರಖಾನೆಗಳನ್ನು ಮುಚ್ಚಬೇಕೆಂಬ ನಿಲುವನ್ನು ಮಹಾರಾಷ್ಟ್ರ ಸರಕಾರವು ವಿಧಾನ ಪರಿಷತ್ತಿನಲ್ಲಿ ಪ್ರಕಟಿಸಿತು. ಆಗಸ್ಟ್ ಮೊದಲ ವಾರದಲ್ಲಿ ಮಹಾನಗರಪಾಲಿಕೆಯು ದಾದರಿನ ಕಬೂತರಖಾನೆಗೆ ತಾಡಪತ್ರಿ ಹೊದಿಸಿತು. ಆಗಸ್ಟ್ 6ರಂದು ಸಿಟ್ಟಿಗೆದ್ದ ಜನ ಆ ತಾಡಪತ್ರಿಯನ್ನು ಕಿತ್ತೆಸೆದರು. ಅದನ್ನು ಪುನಃ ಹೊದಿಸಲಾಯಿತು. ವಿಷಯವು ಉಚ್ಚ ನ್ಯಾಯಾಲಯ, ಸರ್ವೋಚ್ಚ ನ್ಯಾಯಾಲಯಗಳವರೆಗೆ ಹೋಯಿತು. ಮುಂದೆ ನಾಲ್ಕು ಬೇರೆ ಸ್ಥಳಗಳಲ್ಲಿ, ಮುಂಜಾನೆ 7ರಿಂದ 9ರವರೆಗೆ ಮಾತ್ರ ಕಾಳು ಹಾಕಲು ತಾತ್ಕಾಲಿಕ ಅನುಮತಿ ದೊರೆಯಿತು.

ಈ ಜಗಳದಲ್ಲಿ ಎರಡು ಪಕ್ಷಗಳ ಮಾತಿನಲ್ಲಿಯೂ ಹುರುಳಿದೆ. ಪಾರಿವಾಳದ ಒಣಗಿದ ಹಿಕ್ಕೆಯ ಮತ್ತು ಗರಿಯ ಧೂಳನ್ನು ಬಹುಕಾಲ ಸೇವಿಸಿದವರಿಗೆ ಶ್ವಾಸಕೋಶದ ಕಠಿಣ ವ್ಯಾಧಿ ಉಂಟಾಗಬಹುದೆಂಬುದು ವೈದ್ಯಶಾಸ್ತ್ರವು ಒಪ್ಪಿದ ಮಾತು. ಮನುಷ್ಯನ ಉಸಿರನ್ನು ಪಣಕ್ಕಿಟ್ಟು ಮಾಡುವ ದಾನ ದಾನವಲ್ಲ. ಆದರೆ ನಾವೇ ರೂಢಿ ಮಾಡಿಸಿದ ಅನ್ನವನ್ನು ಒಂದು ಮುಂಜಾನೆ ಹಠಾತ್ತಾಗಿ ಕಸಿದುಕೊಳ್ಳುವುದು ನ್ಯಾಯವೇ? ಕಾಳು ಚೆಲ್ಲುವ ಕೈಯೂ ತಾಡಪತ್ರಿ ಎಳೆಯುವ ಕೈಯೂ ಮನುಷ್ಯನವೇ ಆಗಿರುವಾಗ, ನಡುವೆ ಸಿಕ್ಕ ಪಕ್ಷಿಯ ಹೊಣೆ ಯಾರದು?

ಇದು ದೊಡ್ಡ ಪಟ್ಟಣದ ರಗಳೆ, ಗುಂಜೋಟಿಯ ಸುತ್ತಲಿನ ನಮಗೇಕೆ ಎಂದು ಓದುಗರು ಕೇಳಬಹುದು. ನಮ್ಮ ಭಾಗದಷ್ಟು ಕೆಡಹಿ ಕಟ್ಟಿದ ನಾಡು ಮತ್ತೊಂದು ಇರಲಾರದು ಎಂಬುದೇ ನಮ್ಮ ಉತ್ತರ. 1993ರ ಸಪ್ಟೆಂಬರ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರ ಸೀಮೆಯ ಭೂಮಿ ನಡುಗಿದಾಗ ಸಾವಿರಾರು ಜನ ತಮ್ಮ ಮನೆಯ ಗೋಡೆಗಳ ಕೆಳಗೇ ಪ್ರಾಣ ಬಿಟ್ಟರು. ನಾವು ಆಗ ಶಿಕ್ಷಕ ತರಬೇತಿ ಮುಗಿಸಿದ ತರುಣರು; ಆ ಕಲ್ಲಿನ ರಾಶಿಗಳನ್ನು ಕೈಯಾರೆ ಸರಿಸಿದವರು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು, ಅವುಗಳ ಮೇಲೆ ಮಣ್ಣು ಹೇರಿದ ಭಾರವಾದ ಮಾಳಿಗೆ — ಇವೇ ಮೃತ್ಯುವಾದವು. ಮುಂದೆ 52 ಗ್ರಾಮಗಳು ಬೇರೆ ನೆಲಕ್ಕೆ ಸ್ಥಳಾಂತರಗೊಂಡವು. ಸಿಮೆಂಟಿನ ಮನೆಗಳು ಎದ್ದವು. ಹಳೆಯ ಗೋಡೆಗಳು ಹೋದವೆಂದು ನಾವು ಮರುಗುವುದಿಲ್ಲ. ಆದರೆ ಅದೇ ಗೋಡೆಗಳ ಗೂಡುಗಳಲ್ಲಿ, ಜಂತಿಗಳ ಸಂದಿನಲ್ಲಿ ಪಾರಿವಾಳ, ಗುಬ್ಬಿಗಳು ನಮ್ಮೊಡನೆ ಬಾಳಿದ್ದವೆಂಬುದನ್ನು ಮರೆಯಲಾಗದು. ಹೊಸ ಮನೆಗಳ ನಕ್ಷೆಯಲ್ಲಿ ಅವುಗಳಿಗೆ ಒಂದು ಗೇಣು ಸ್ಥಳವೂ ಉಳಿಯಲಿಲ್ಲ.

ಪಾರಿವಾಳವು ಮೂಲತಃ ಬೆಟ್ಟದ ಕಡಿದಾದ ಬಂಡೆಗಳಲ್ಲಿ ಗೂಡು ಮಾಡುವ ಹಕ್ಕಿ. ನಳದುರ್ಗದ ಬುರುಜೂ ಮುಂಬಯಿಯ ಹತ್ತಂತಸ್ತಿನ ಕಟ್ಟಡವೂ ಅದಕ್ಕೆ ಬಂಡೆಯೇ. ಸಂಸ್ಕೃತದ ಪಾರಾವತವೇ ನಮ್ಮಲ್ಲಿ ಪಾರಿವಾಳವಾಗಿ, ನೆರೆಯ ಮರಾಠಿಯಲ್ಲಿ ಪಾರವಾ ಆಗಿ ಉಳಿದಿದೆ. ಗಡಿಯ ಎರಡೂ ಮಾತುಗಳಿಗೆ ಅದು ಮನೆಯ ಹಕ್ಕಿ. ಹೆಣ್ಣು ಸಾಮಾನ್ಯವಾಗಿ ಎರಡು ಬಿಳಿಯ ಮೊಟ್ಟೆಗಳನ್ನಿಡುತ್ತದೆ. ತಂದೆತಾಯಿಗಳಿಬ್ಬರೂ ಸರದಿಯಿಂದ ಸುಮಾರು 18 ದಿನ ಕಾವು ಕೊಡುತ್ತವೆ. ಮರಿಗಳಿಗೆ ಮೊದಲ ದಿನಗಳಲ್ಲಿ ಕಾಳಲ್ಲ, ಕೊರಳ ಚೀಲದಲ್ಲಿ ಉತ್ಪನ್ನವಾಗುವ ಹಾಲಿನಂತಹ ಪದಾರ್ಥವನ್ನು ಇಬ್ಬರೂ ಉಣಿಸುತ್ತವೆ. ನಾಲ್ಕೈದು ವಾರಗಳಲ್ಲಿ ಮರಿಗಳು ಹಾರುತ್ತವೆ. ಅಂದರೆ ಮೊಟ್ಟೆಯಿಂದ ಹಾರುವವರೆಗೆ ಹೆಚ್ಚೆಂದರೆ ಏಳೆಂಟು ವಾರಗಳು.

ಈ ಲೆಕ್ಕವನ್ನು ನಾವು ಪುಸ್ತಕದಿಂದ ಕಲಿತುದಕ್ಕಿಂತ ಒಂದು ತಪ್ಪಿನಿಂದ ಕಲಿತೆವು. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಎರಡು ಹಳೆಯ ಕೋಣೆಗಳನ್ನು ಕೆಡಹುವುದೆಂದು ನಿಶ್ಚಯವಾಯಿತು. ಮೊದಲನೆಯ ಕೋಣೆಗೆ ಹಾರೆ ಹಾಕಿದ ದಿನ ಕಲ್ಲುಗಳೊಡನೆ ಎರಡು ಮರಿಗಳು ಕೆಳಗೆ ಬಿದ್ದವು. ಇನ್ನೂ ಹಳದಿ ತುಪ್ಪಳ; ರೆಕ್ಕೆ ಮೂಡಿರಲಿಲ್ಲ. ಅಪ್ಪಣೆ ಕೊಟ್ಟವರು ನಾವೇ. ಗೂಡಿನೊಳಗೆ ಇಣಿಕಿ ನೋಡಬೇಕೆಂದು ನಮಗೆ ಹೊಳೆದಿರಲಿಲ್ಲ. ನಾಲ್ಕನೆಯ ಇಯತ್ತೆಯ ಹುಡುಗಿಯೊಬ್ಬಳು ಬಂದು, “ಗುರುಜೀ, ಒಳಗ ಮರಿ ಅದಾವಂತ ನಾ ನಿನ್ನೇನೇ ಹೇಳಬೇಕಂತಿದ್ದೆರಿ” ಎಂದಳು. ತಾಯಿಹಕ್ಕಿ ಸಂಜೆಯವರೆಗೆ ಆ ಬಯಲಾದ ಸ್ಥಳದ ಮೇಲೆಯೇ ಸುತ್ತುತ್ತಿತ್ತು. ಮಕ್ಕಳೆಲ್ಲರೂ ನೋಡುತ್ತಿದ್ದರು. ಪ್ರಾಣಿದಯೆಯ ಪಾಠ ಹೇಳುವ ನಾವು ಆ ದಿನ ಅವರಿಗೆ ಏನನ್ನು ಕಲಿಸಿದೆವು?

ಎರಡನೆಯ ಕೋಣೆಯನ್ನು ಹಾಗೆ ಕೆಡಹಲಿಲ್ಲ. “ಮಳಿಗಾಲ ಬಂದ್ರ ನುಕ್ಸಾನ ಆಗ್ತದರಿ” ಎಂದು ಗೌಂಡಿ ಅವಸರಿಸಿದರೂ ಕೆಲಸ ತಡೆದೆವು. ಬರಿದಾದ ಗೂಡುಗಳನ್ನು ಕಲ್ಲುಮಣ್ಣಿನಿಂದ ಮುಚ್ಚಿಸಿ, ಮರಿಗಳಿದ್ದ ಎರಡು ಗೂಡುಗಳ ಬಳಿ ಸುಣ್ಣದ ಗುರುತು ಹಾಕಿಸಿದೆವು. ಒಂದು ತಿಂಗಳು ತರಗತಿ ಬೇವಿನ ಗಿಡದ ಕೆಳಗೆ ನಡೆಯಿತು. ಒಂದು ತೊಡಕೂ ಬಂತು: ಮರಿಗಳು ಹಾರುವ ಮೊದಲೇ ಹೆಣ್ಣು ಮತ್ತೆ ಮೊಟ್ಟೆಯಿಟ್ಟಿತು. ಪಾರಿವಾಳದ ಸ್ವಭಾವವೇ ಅದು. ಆ ಹೊಸ ಮೊಟ್ಟೆಗಳನ್ನು ಕಾವು ಕೂರುವ ಮೊದಲೇ ನಾವು ತೆಗೆಸಿದೆವು. ಮನಸ್ಸಿಗೆ ಹಿತವಾಗಲಿಲ್ಲ, ಆದರೆ ಮರಿಯಾದ ಮೇಲೆ ಕಲ್ಲಿನ ಕೆಳಗೆ ಸಾಯುವುದಕ್ಕಿಂತ ಅದು ಲೇಸೆಂದು ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ತಿಳಿಸಿದೆವು. ಮಳೆಗೆ ಮೊದಲೇ ಕೋಣೆ ಇಳಿಯಿತು. ಯಾವ ಹಕ್ಕಿಯೂ ಸಾಯಲಿಲ್ಲ.

ಹೊರದೇಶದ ಅನುಭವವೂ ಇದನ್ನೇ ಹೇಳುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1961ರಿಂದ 1985ರವರೆಗೆ ಸುಮಾರು ಒಂದು ಲಕ್ಷ ಪಾರಿವಾಳಗಳನ್ನು ಹಿಡಿದು, ಗುಂಡಿಕ್ಕಿ ಕೊಂದರೂ ಅವುಗಳ ಸಂಖ್ಯೆ ಇಪ್ಪತ್ತು ಸಾವಿರದ ಆಸುಪಾಸಿನಲ್ಲಿಯೇ ಉಳಿಯಿತು. 1988ರಿಂದ ಅಲ್ಲಿಯವರು ದಾರಿ ಬದಲಿಸಿದರು. ಅತಿಯಾಗಿ ಕಾಳು ಹಾಕಬಾರದೆಂದು ಜನರಿಗೆ ತಿಳಿಹೇಳಿದರು. ಪಾರಿವಾಳಗಳಿಗಾಗಿಯೇ ಗೂಡುಮನೆಗಳನ್ನು ಏರ್ಪಡಿಸಿ, ಅಲ್ಲಿ ಮೊಟ್ಟೆಗಳನ್ನು ತೆಗೆದರು. ನಾಲ್ಕು ವರ್ಷ ಚಿಲ್ಲರೆ ಅವಧಿಯಲ್ಲಿ ಸಂಖ್ಯೆ ಅರ್ಧಕ್ಕಿಳಿಯಿತು. ಬಂದೂಕಿನಿಂದ ಆಗದ ಕೆಲಸ ತಾಳ್ಮೆಯಿಂದ ಆಯಿತು. ನಮ್ಮ ದೇಶದ ಗುಜರಾತಿನಲ್ಲಿಯೂ ಓಣಿಯ ನಡುವೆ ಕಂಬದ ಮೇಲೆ ಹಕ್ಕಿಗಳಿಗಾಗಿ ಚಬೂತರೋ ಕಟ್ಟುವ ಹಳೆಯ ಪದ್ಧತಿಯಿದೆ.

ಆದುದರಿಂದ ಹಳೆಯ ವಾಡೆ, ಮಾಳಿಗೆ ಮನೆ, ಗುಡಿ ಅಥವಾ ಪಟ್ಟಣದ ಚಾಳನ್ನು ಕೆಡಹಿಸುವ ನಮ್ಮ ಬಂಧುಗಳಲ್ಲಿ ಕೆಲವು ವಿನಂತಿಗಳಿವೆ. ಕೆಲಸಕ್ಕೆ ಎರಡು ತಿಂಗಳು ಮೊದಲೇ ಗೂಡುಗಳನ್ನು ಪರೀಕ್ಷಿಸಿರಿ. ಬರಿದಾದುವನ್ನು ಆಗಲೇ ಮುಚ್ಚಿರಿ. ಮರಿಗಳಿರುವುದನ್ನು ಅವು ಹಾರಿದ ಮೇಲೆ ಮುಚ್ಚಿರಿ. ಹಕ್ಕಿ ಒಳಗಿರುವಾಗ ಬಲೆ ಬಿಗಿಯುವುದು ಅದನ್ನು ಜೀವಂತ ಹೂಳಿದಂತೆ. ಬಲೆ ಸಡಿಲಾಗಿದ್ದರೆ ಕಾಲು ಸಿಕ್ಕಿ ಸಾಯುತ್ತವೆ, ವಾರಕ್ಕೊಮ್ಮೆ ನೋಡಿರಿ. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸದೆ ನೀರು ಚಿಮುಕಿಸಿ, ಮೂಗುಬಾಯಿಗೆ ವಸ್ತ್ರ ಕಟ್ಟಿ ತೆಗೆಯಿರಿ. ಕಾಳು ಹಾಕುವ ರೂಢಿಯಿದ್ದರೆ ಒಮ್ಮೆಲೇ ನಿಲ್ಲಿಸದೆ ದಿನದಿನಕ್ಕೆ ಕಡಿಮೆ ಮಾಡಿರಿ. ಪ್ರಾಣಿಗಳನ್ನು ಅನಾವಶ್ಯಕವಾಗಿ ಹಿಂಸಿಸುವುದು 1960ರ ಕಾಯಿದೆಯಂತೆ ಅಪರಾಧವೂ ಹೌದು.

ಶರಣರು ನಡೆದಾಡಿದ ಕಲ್ಯಾಣ ನಮಗೆ ದೂರದ್ದಲ್ಲ. ದಯೆಯ ಮಾತು ನಮ್ಮ ಮಕ್ಕಳ ಬಾಯಲ್ಲಿದೆ. ಅದು ಗೌಂಡಿಯ ಹಾರೆ ಮೇಲೇಳುವ ಮುನ್ನ ನಮಗೆ ನೆನಪಾಗಬೇಕು. ಆ ಹುಡುಗಿ ನಿನ್ನೆ ಹೇಳಬೇಕೆಂದಿದ್ದ ಮಾತನ್ನು ನಾವು ಅಂದೇ ಕೇಳಬೇಕಾಗಿತ್ತು. ಇನ್ನು ಮುಂದೆ ನಮ್ಮ ಮನೆಗಳಲ್ಲಿ ಮಕ್ಕಳನ್ನು ಮೊದಲೇ ಕೇಳೋಣ. ಯಾವ ಗೂಡಿನಲ್ಲಿ ಯಾರಿದ್ದಾರೆಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.