ಸೇವಂತಿಗೆಯ ಅಡಗಿದ ವೈರಿ

ಒಂದೇ ದಿನ ನೆಟ್ಟು, ಒಂದೇ ಸಮನಾಗಿ ನೀರು ಗೊಬ್ಬರ ಉಣಿಸಿದ ಸೇವಂತಿಗೆಯ ಸಾಲಿನಲ್ಲಿ ಕೆಲವು ಗಿಡಗಳು ಮಾತ್ರ ಕುಳ್ಳಾಗಿ ಉಳಿದುಬಿಡುವುದುಂಟು. ಅವುಗಳ ಎಲೆ ಕಿರಿದು, ಹೂವು ಪುಟ್ಟದು. ಕೆಂಪು ಜಾತಿಯಾದರೆ ಬಣ್ಣವೂ ಪೇಲವ. ಗೊಬ್ಬರ ಸಾಲದೆಂದು ಭಾವಿಸಿ ಬೆಳೆಗಾರನು ಇನ್ನಷ್ಟು ಹಾಕುತ್ತಾನೆ. ಗಿಡ ಮಾತ್ರ ಮೇಲೇಳುವುದಿಲ್ಲ. ಇದು ಕುಬ್ಜರೋಗದ ಲಕ್ಷಣವಾಗಿರಬಹುದು.

ಅಮೆರಿಕದ ಬೆಳೆಗಾರರು ಈ ರೋಗವನ್ನು 1940ರ ದಶಕದಲ್ಲಿಯೇ ಕಂಡಿದ್ದರು. ವೈರಸ್ಸೇ ಇದಕ್ಕೆ ಕಾರಣವೆಂದು ಬಹುಕಾಲ ಎಣಿಸಲಾಗಿತ್ತು. 1971ರಲ್ಲಿ ಥಿಯೊಡರ್ ಡೀನರ್ ಎಂಬ ವಿಜ್ಞಾನಿ, ಆಲೂಗಡ್ಡೆಯ ರೋಗವೊಂದರ ಮೂಲವನ್ನು ಹುಡುಕುತ್ತ, ವೈರಸ್ಸಿಗಿಂತಲೂ ಅತಿ ಸೂಕ್ಷ್ಮವಾದ ರೋಗಕಾರಕವನ್ನು ಕಂಡು ಅದಕ್ಕೆ ‘ವೈರಾಯ್ಡ್’ ಎಂದು ಹೆಸರಿಟ್ಟರು. ಸೇವಂತಿಗೆಯ ವೈರಿಯೂ ಅದೇ ಕುಲದ್ದೆಂದು ಅನಂತರ ತಿಳಿಯಿತು.

ವೈರಸ್ಸಿಗೆ ಪ್ರೋಟೀನಿನ ಹೊದಿಕೆಯುಂಟು. ವೈರಾಯ್ಡಿಗೆ ಅದೂ ಇಲ್ಲ. ಸುಮಾರು 355 ಕೊಂಡಿಗಳ ಆರ್‌.ಎನ್‌.ಎ. ಸರಪಳಿಯೊಂದು ಬಳೆಯಂತೆ ಕೂಡಿಕೊಂಡಿರುತ್ತದೆ. ಅದರ ಸರ್ವಸ್ವವೂ ಅಷ್ಟೆ. ಪತ್ತೆಗೆ ತೊಡಕಾಗುವುದೂ ಇದೇ. ವೈರಸ್ಸಿನ ಹೊದಿಕೆಯನ್ನು ಗುರುತಿಸುವ ಪರೀಕ್ಷೆಗಳು ಇಲ್ಲಿ ನಿಷ್ಫಲ.

ಹಿಂದೆ ಕಸಿಯೇ ಇದಕ್ಕೆ ಉಪಾಯವಾಗಿತ್ತು. ‘ಮಿಸಲ್‌ಟೋ’ ಎಂಬ ಸೇವಂತಿಗೆಯ ತಳಿ ಈ ರೋಗವನ್ನು ಚೆನ್ನಾಗಿ ತೋರಿಸಿಕೊಡುತ್ತದೆ. ಸಂಶಯದ ಗಿಡದ ಭಾಗವನ್ನು ಅದಕ್ಕೆ ಕಸಿಮಾಡಿ, ಎಲೆಗಳಲ್ಲಿ ತಿಳಿಬಣ್ಣದ ಮಚ್ಚೆ ಮೂಡುವುದೇ ಎಂದು ಬಹುದಿನ ಕಾಯಬೇಕಾಗಿತ್ತು. ಈಗ ಎಲೆಯನ್ನು ಅರೆದು ಆರ್‌.ಎನ್‌.ಎ. ತೆಗೆದು, ಅದರಿಂದ ಡಿ.ಎನ್‌.ಎ. ಪ್ರತಿಯನ್ನು ರಚಿಸಿ, ಪಿ.ಸಿ.ಆರ್. ವಿಧಾನದಿಂದ ಆ ಪ್ರತಿಯನ್ನು ಅಸಂಖ್ಯವಾಗಿ ಹೆಚ್ಚಿಸಿ ನೋಡುತ್ತಾರೆ. ಹಲವು ಗಿಡಗಳ ಎಲೆಗಳನ್ನು ಒಟ್ಟುಗೂಡಿಸಿ ಪರೀಕ್ಷಿಸುವುದೂ ಉಂಟು. ರೋಗದ ಸುಳಿವು ಸಿಕ್ಕಿದರೆ ಆಮೇಲೆ ಒಂದೊಂದನ್ನೇ ಶೋಧಿಸುತ್ತಾರೆ.

ಇಷ್ಟು ಶ್ರಮವೇಕೆಂದರೆ, ರೋಗ ಹೊಕ್ಕ ಗಿಡವೆಲ್ಲ ಕುಳ್ಳಾಗುವುದಿಲ್ಲ. ಕೆಲವು ತಳಿಗಳು ನೋಟಕ್ಕೆ ನಳನಳಿಸುತ್ತಲೇ ವೈರಾಯ್ಡನ್ನು ಒಡಲಲ್ಲಿ ಇಟ್ಟುಕೊಂಡಿರುತ್ತವೆ. ಅಂಥ ಒಂದು ತಾಯಿಗಿಡದಿಂದ ಕಡ್ಡಿ ಕತ್ತರಿಸಿ ನೂರು ಗಿಡ ಮಾಡಿದರೆ, ಆ ನೂರಕ್ಕೂ ರೋಗವನ್ನು ಹಂಚಿದಂತೆಯೇ. ಕತ್ತರಿಸಿದ ಚಾಕುವಿಗೆ ಅಂಟಿದ ರಸ ನೆರೆಯ ಗಿಡಗಳಿಗೂ ಅದನ್ನು ಒಯ್ಯುತ್ತದೆ. ಹೊಲದಲ್ಲಿ ಸಿಂಪಡಿಸಿ ಗುಣಪಡಿಸುವ ಔಷಧಿ ಇಲ್ಲ. ಆದುದರಿಂದ ತಾಯಿಗಿಡವನ್ನು ಪರೀಕ್ಷಿಸುವುದೇ ಮೊದಲ ರಕ್ಷಣೆ. ಕುಳ್ಳ ಗಿಡವನ್ನು ಕಿತ್ತು ಸುಡುವುದು, ಚಾಕುವನ್ನು ಬ್ಲೀಚಿಂಗ್ ದ್ರಾವಣದಲ್ಲಿ ಅದ್ದಿ ಬಳಸುವುದು ಅನಂತರದ್ದು.

ನೆರೆಮನೆಯ ಹೂವಿನ ಅಂದಕ್ಕೆ ಮೆಚ್ಚಿ ಕಂದು ಕೇಳಿ ತರುವ ಗೃಹಿಣಿಯರೂ ಆ ಹೊಸ ಗಿಡವನ್ನು ಒಂದು ಹೂಗಾಲದವರೆಗೆ ಬೇರೆ ಕುಂಡದಲ್ಲಿ, ಉಳಿದವುಗಳಿಂದ ದೂರವಿರಿಸಿ ಗಮನಿಸುವುದು ಲೇಸು.