ಯೊರುಬಾ ನಾಡಿನ ಅಕ್ಷರ ದಾಸೋಹ



ಸುಗ್ಗಿ ಮುಗಿದ ಮೇಲೆ ಪ್ರಸಾದ ನಿಲಯಕ್ಕೆ ಜೋಳ ಕೂಡಿಸಲು ಹೊರಟವರೊಡನೆ ಈ ಸಲ ನಾವೂ ಒಂದೆರಡು ಊರು ತಿರುಗಿದೆವು. ಒಂದು ಮನೆಯಲ್ಲಿ ಹಿರಿಯರೊಬ್ಬರು ಸಂತೋಷದಿಂದಲೇ ಚೀಲ ತುಂಬಿಸಿಕೊಟ್ಟರು. ಕೊಡುತ್ತ, "ಶಾಸ್ತ್ರಿಗಳೇ, ನಿಲಯದಾಗ ಊಟ ಫುಕಟ, ಸರಕಾರಿ ಸಾಲಿನೂ ಫುಕಟ ಅಂತೀರಿ. ಹಂಗಾದ್ರ ಈ ಚೀಲ ಯಾತಕ್ರೀ?" ಎಂದು ನಗೆಯಾಡಿದರು. ನಾವೂ ನಕ್ಕೆವು, ಆದರೆ ಆ ಪ್ರಶ್ನೆ ನಮ್ಮೊಡನೆ ಮಠದವರೆಗೂ ಬಂದಿತು. ಇದೇ ಪ್ರಶ್ನೆಯನ್ನು ಒಂದು ನಾಡಿಗೆ ನಾಡೇ ತನ್ನ ಮುಖಂಡರಿಗೆ ಕೇಳಿದ್ದುಂಟು. ಆ ನಾಡು ಆಫ್ರಿಕಾ ಖಂಡದ ಪಶ್ಚಿಮ ಕರಾವಳಿಯಲ್ಲಿದೆ. ಈ ತಿಂಗಳ ಅಂಕಣವನ್ನು ಅಲ್ಲಿಯ ಕೆಲವು ಲೋಕಸೇವಕರ ಚರಿತ್ರೆಗೆ ಮೀಸಲಿಟ್ಟಿದ್ದೇವೆ.

ನೈಜೀರಿಯಾ ದೇಶದ ನೈರುತ್ಯ ಭಾಗದಲ್ಲಿ ನೆಲೆಸಿರುವ ಯೊರುಬಾ ಜನ ಬಹು ಪುರಾತನರು. ಇಫೆ ಅವರ ಪುಣ್ಯಕ್ಷೇತ್ರ. ಒಡುಡುವಾ ಎಂಬ ಮೂಲಪುರುಷನ ಸಂತಾನ ತಾವೆಂದು ಅವರು ನಂಬುತ್ತಾರೆ. ಲಾಗೋಸ್, ಇಬಾದಾನ್, ಅಬೆಯೊಕುಟಾ ಇವರ ದೊಡ್ಡ ಪಟ್ಟಣಗಳು. ಕೋಕೋ ಇಲ್ಲಿಯ ಮುಖ್ಯ ಪೈರು. ನಮ್ಮ ಮಕ್ಕಳು ತಿನ್ನುವ ಚಾಕಲೇಟು ಇದೇ ಕೋಕೋ ಬೀಜದಿಂದ ಆಗುವಂಥದು. ಆಂಗ್ಲರ ಆಳ್ವಿಕೆಯಲ್ಲಿದ್ದ ಈ ದೇಶ 1960ರ ಅಕ್ಟೋಬರ್ 1ರಂದು ಸ್ವತಂತ್ರವಾಯಿತು. ನಾವು ಹೇಳಹೊರಟಿರುವ ಸಂಗತಿಗೆ ಅದಕ್ಕೂ ಹಿಂದಿನ ದಶಕಕ್ಕೆ ಹೋಗಬೇಕು.

1909ರ ಮಾರ್ಚ್ 6ರಂದು ಇಕೆನ್ನೆ ಎಂಬ ಸಣ್ಣ ಊರಿನಲ್ಲಿ ಒಬಾಫೆಮಿ ಅವೊಲೊವೊ ಜನಿಸಿದರು. ತಂದೆ ಒಕ್ಕಲಿಗ, ಮರ ಕೊಯ್ಯುವ ಕಾಯಕವೂ ಅವರಿಗಿತ್ತು. ಬಾಲಕ ಹನ್ನೊಂದರ ಪ್ರಾಯದಲ್ಲಿರುವಾಗಲೇ ಆ ತಂದೆ ಸಿಡುಬಿನಿಂದ ತೀರಿಕೊಂಡರು. ಅಲ್ಲಿಂದ ಮುಂದೆ ಅವರ ವಿದ್ಯಾಭ್ಯಾಸವೆಂದರೆ ನೀರು ಹೊರುವುದು, ಕಟ್ಟಿಗೆ ತರುವುದು, ಹುಲ್ಲು ಕೊಯ್ಯುವುದು, ಅದರಿಂದ ಬಂದ ಕಾಸನ್ನು ಶಾಲೆಯ ಶುಲ್ಕಕ್ಕೆ ಕಟ್ಟುವುದು. ಅನಂತರ ಅವರು ಶಿಕ್ಷಕರಾದರು, ಶೀಘ್ರಲಿಪಿಕಾರರಾದರು, ಪತ್ರಿಕೆಗೆ ವರದಿ ಬರೆದರು, ಕೋಕೋ ವ್ಯಾಪಾರಕ್ಕಿಳಿದು ಕೈಸುಟ್ಟುಕೊಂಡರು. ಮನೆಯಲ್ಲಿಯೇ ಓದಿ ಲಂಡನ್ ವಿಶ್ವವಿದ್ಯಾಲಯದ ವಾಣಿಜ್ಯ ಪದವಿಯನ್ನು 1944ರಲ್ಲಿ ಪಡೆದರು. ಅದೇ ವರ್ಷ, ತಮ್ಮ ಮೂವತ್ತೈದನೆಯ ವಯಸ್ಸಿನಲ್ಲಿ, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಕಾನೂನು ಕಲಿಯಲು ಲಂಡನ್ನಿಗೆ ಹೋದರು. ಆಗ ಮನೆಯನ್ನು ನಡೆಸಿದವರು ವ್ಯಾಪಾರದಲ್ಲಿ ನುರಿತ ಪತ್ನಿ ಡಿಡಿಯೊಲು ತಾಯಿ. ಆ ಮಹಾತಾಯಿಯ ಹೆಸರು ಈ ಕಥೆಯಲ್ಲಿ ಮತ್ತೊಮ್ಮೆ ಬರಲಿದೆ.

ಮರಳಿ ಬಂದ ಅವೊಲೊವೊ 1949ರಲ್ಲಿ ಒಂದು ಪತ್ರಿಕೆಯನ್ನು, ಅದರ ಬೆನ್ನಿಗೇ 'ಆಕ್ಷನ್ ಗ್ರೂಪ್' ಎಂಬ ಪಕ್ಷವನ್ನು ಕಟ್ಟಿದರು. 1952ರಲ್ಲಿ ಪಶ್ಚಿಮ ಪ್ರಾಂತದ ಆಡಳಿತ ಅವರ ಕೈಗೆ ಬಂದಿತು. 1954ರಲ್ಲಿ ಅವರು ಪ್ರಾಂತದ ಪ್ರಧಾನಿಯಾದರು. ಮಕ್ಕಳೆಲ್ಲರಿಗೂ ಶುಲ್ಕವಿಲ್ಲದ ಪ್ರಾಥಮಿಕ ಶಿಕ್ಷಣ ಕೊಡಬೇಕೆಂಬುದು ಅವರ ಸಂಕಲ್ಪ. ಪಕ್ಷದ ಈ ಶಿಕ್ಷಣ ನೀತಿಯ ಕರಡನ್ನು ಬರೆದುಕೊಟ್ಟವರು ಓವೊ ಪಟ್ಟಣದ ಶಿಕ್ಷಕ ಮೈಕೇಲ್ ಅಜಾಸಿನ್. ಸರಕಾರದ ಯೋಜನೆಯಾಗಿ ರೂಪಿಸಿದವರು ಶಿಕ್ಷಣ ಮಂತ್ರಿ ಸ್ಟೀಫನ್ ಅವೊಕೊಯಾ. ಇಬ್ಬರೂ ಶಾಲೆಯಲ್ಲಿ ಪಾಠ ಹೇಳಿ ಬಂದವರು ಎಂಬುದು ನಮಗೆ ವಿಶೇಷ ಸಂತೋಷದ ಸಂಗತಿ.

ಸಂಕಲ್ಪವೇನೋ ಆಯಿತು, ಹಣವೆಲ್ಲಿ? ಅವೊಲೊವೊ ಸರಕಾರ ಜನರ ಮೇಲೆ ಹೊಸ ಕರ ಹಾಕಲು ಮುಂದಾಯಿತು.

ಆ ನಾಡಿನಲ್ಲಿ ಕರ ಎಂಬ ಶಬ್ದ ಎಂಥ ಉರಿಯನ್ನೆಬ್ಬಿಸಬಲ್ಲದು ಎಂಬುದನ್ನು ಇಲ್ಲಿ ಹೇಳಬೇಕು. ಕೆಲವೇ ವರ್ಷಗಳ ಹಿಂದೆ ಅಬೆಯೊಕುಟಾದಲ್ಲಿ ಸಂತೆಯಲ್ಲಿ ಕುಳಿತು ಮಾರಿ ಬದುಕುವ ಹೆಣ್ಣುಮಕ್ಕಳ ಮೇಲೆ ಪ್ರತ್ಯೇಕ ತಲೆಗಂದಾಯವಿತ್ತು. ಕಂದಾಯ ಕಟ್ಟಿದವರಿಗೆ ಅದರಿಂದ ದೊರೆತದ್ದು ಏನೂ ಇಲ್ಲ. ಆಡಳಿತದಲ್ಲಿ ಅವರ ಮಾತಿಗೆ ಎಡೆಯೂ ಇಲ್ಲ. ಶಾಲಾ ಶಿಕ್ಷಕಿಯಾಗಿದ್ದ ಫುನ್ಮಿಲಾಯೊ ರಾನ್ಸಮ್ ಕುಟಿ ಎಂಬ ವಿದ್ಯಾವಂತ ಮಹಿಳೆ ಆ ಸಂತೆಯ ತಾಯಂದಿರನ್ನು ಕೂಡಿಸಿ 1947ರಿಂದ ಹೋರಾಟ ಹೂಡಿದರು. ಅರಮನೆಯ ಮುಂದೆ ಸಾವಿರಾರು ಸ್ತ್ರೀಯರು ನೆರೆದರು. ಕೊನೆಗೆ 1949ರ ಜನವರಿಯಲ್ಲಿ ಅಲ್ಲಿಯ ಅರಸನೇ ಸಿಂಹಾಸನ ಬಿಟ್ಟಿಳಿಯಬೇಕಾಯಿತು. ಇದನ್ನು ಕಣ್ಣಾರೆ ಕಂಡ ಜನರ ನಡುವೆ ನಿಂತು, ನಿಮ್ಮ ಮಕ್ಕಳು ಓದಬೇಕಾದರೆ ನೀವು ಕರ ಕೊಡಬೇಕು ಎಂದು ಹೇಳುವುದಕ್ಕೆ ಎದೆಗಾರಿಕೆ ಬೇಕು.

ಜನ ಉತ್ತರವನ್ನೂ ಕೊಟ್ಟರು. 1954ರ ಕೊನೆಯಲ್ಲಿ ಕೇಂದ್ರ ಶಾಸನಸಭೆಗೆ ಚುನಾವಣೆ ನಡೆದಾಗ, ತನ್ನದೇ ಪ್ರಾಂತದ 42 ಸ್ಥಾನಗಳಲ್ಲಿ ಆಕ್ಷನ್ ಗ್ರೂಪಿಗೆ ಬಂದದ್ದು 18 ಮಾತ್ರ; ಎದುರು ಪಕ್ಷಕ್ಕೆ 23. ಕರದ ಸಿಟ್ಟು ಈ ಸೋಲಿಗೆ ಒಂದು ಮುಖ್ಯ ಕಾರಣವೆಂದು ಚರಿತ್ರಕಾರರು ಬರೆಯುತ್ತಾರೆ. ಇಂಥ ಹೊತ್ತಿನಲ್ಲಿ ರಾಜಕಾರಣಿಗಳು ಏನು ಮಾಡುವರೆಂಬುದನ್ನು ನಾವೂ ನೀವೂ ಸಾಕಷ್ಟು ನೋಡಿದ್ದೇವೆ. ಅವೊಲೊವೊ ಹಾಗೆ ಮಾಡಲಿಲ್ಲ. ಸೋತ ಕೆಲವೇ ವಾರಗಳಲ್ಲಿ, 1955ರ ಜನವರಿ 17ರಂದು, ಗೊತ್ತುಪಡಿಸಿದ ದಿನವೇ ಶಾಲೆಗಳ ಬಾಗಿಲು ತೆರೆದವು. ಹಿಂದಿನ ವರ್ಷ ಸುಮಾರು 4,57,000 ಮಕ್ಕಳಿದ್ದ ಪ್ರಾಥಮಿಕ ಶಾಲೆಗಳಿಗೆ ಆ ವರ್ಷ 8,11,000ಕ್ಕೂ ಹೆಚ್ಚು ಮಕ್ಕಳು ಬಂದರು. ಒಂದೇ ವರ್ಷದಲ್ಲಿ ಮೂರೂವರೆ ಲಕ್ಷ ಹೊಸ ಮಕ್ಕಳು! ಹೊಲದಲ್ಲಿ ಹಕ್ಕಿ ಓಡಿಸುತ್ತಿದ್ದವರು, ಸಂತೆಯಲ್ಲಿ ತಾಯಿಯ ಬುಟ್ಟಿ ಕಾಯುತ್ತಿದ್ದವರು ಶಾಲೆಯ ಮೆಟ್ಟಿಲು ಹತ್ತಿದರು. ಮರುವರ್ಷ, 1956ರಲ್ಲಿ, ಪ್ರಾಂತದ ಸಭೆಗೆ ಚುನಾವಣೆಯಾದಾಗ ಅದೇ ಜನ 80 ಸ್ಥಾನಗಳಲ್ಲಿ 48ನ್ನು ಅದೇ ಪಕ್ಷಕ್ಕೆ ಕೊಟ್ಟರು.

ಆದರೆ ಈ ದಾಸೋಹದ ಕಣಜವನ್ನು ತುಂಬಿದ್ದು ಕರವೊಂದೇ ಅಲ್ಲವೆಂಬುದನ್ನು ಮರೆಮಾಚಬಾರದು. ಅಲ್ಲಿ ಕೋಕೋ ಬೆಳೆಯನ್ನೆಲ್ಲ ಸರಕಾರದ ಮಾರುಕಟ್ಟೆ ಮಂಡಲಿಯೇ ಕೊಳ್ಳಬೇಕೆಂಬ ನಿಯಮವಿತ್ತು. ಲೋಕದ ಪೇಟೆಯಲ್ಲಿ ಬರುವ ಧಾರಣೆಗಿಂತ ಕಡಿಮೆ ಬೆಲೆಯನ್ನು ಬೆಳೆಗಾರನಿಗೆ ಕೊಟ್ಟು, ಮಿಕ್ಕದ್ದನ್ನು ಮಂಡಲಿ ಇಟ್ಟುಕೊಳ್ಳುತ್ತಿತ್ತು. ಧಾರಣೆ ಬಿದ್ದ ವರ್ಷ ಬೆಳೆಗಾರನ ಕೈಹಿಡಿಯಲೆಂದು ಕೂಡಿಟ್ಟ ಈ ನಿಧಿ ಪ್ರಾಂತದ ಅಭಿವೃದ್ಧಿ ಕಾರ್ಯಗಳಿಗೆ ಹರಿದು ಬಂದಿತು. ಶಾಲೆ, ಆಸ್ಪತ್ರೆ, ರಸ್ತೆ, 1959ರಲ್ಲಿ ಇಬಾದಾನಿನಲ್ಲಿ ಆರಂಭವಾದ ದೂರದರ್ಶನ ಕೇಂದ್ರ, ಇವುಗಳ ಹಿಂದೆಲ್ಲ ಕೋಕೋ ತೋಟದ ಬೆವರಿತ್ತು. ಆ ಬೆಳೆಗಾರರಲ್ಲಿ ಬಹುಮಂದಿ ನಿರಕ್ಷರಿಗಳು. ತಮ್ಮ ಕೈಗೆ ಬರಬೇಕಾದ ಹಣದಲ್ಲಿ ಎಷ್ಟು ಉಳಿಯಿತು, ಎಲ್ಲಿಗೆ ಹೋಯಿತು ಎಂದು ಲೆಕ್ಕ ಓದಿ ನೋಡುವ ಬಲ ಅವರಿಗಿರಲಿಲ್ಲ.

ಆ ಲೆಕ್ಕವನ್ನು ಮುಂದೆ ಬೇರೆಯವರು ತೆಗೆದರು. 1962ರಲ್ಲಿ ನ್ಯಾಯಮೂರ್ತಿ ಕೋಕರ್ ಅವರ ವಿಚಾರಣಾ ಆಯೋಗ, ಮಂಡಲಿಯ ಹಣ ಒಂದು ಖಾಸಗಿ ಕಂಪನಿಯ ಮೂಲಕ ಆಕ್ಷನ್ ಗ್ರೂಪಿನ ಚೀಲ ಸೇರಿತೆಂದು ವರದಿ ಮಾಡಿ, ಅವೊಲೊವೊ ಅವರನ್ನೇ ದೂಷಿಸಿತು. ಆಯೋಗವನ್ನು ನೇಮಿಸಿದವರು ಅವರ ರಾಜಕೀಯ ವಿರೋಧಿಗಳು, ಅದರ ಉದ್ದೇಶವೇ ಅವರನ್ನು ಮುಗಿಸುವುದಾಗಿತ್ತು ಎಂದು ಅಭಿಮಾನಿಗಳು ಹೇಳುವುದುಂಟು, ಅದರಲ್ಲಿ ಹುರುಳಿಲ್ಲದಿಲ್ಲ. ಆದರೂ ನಮ್ಮ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಮಕ್ಕಳ ಪಾಟಿಗೆಂದು ಒಕ್ಕಲಿಗನಿಂದ ಪಡೆದ ಹಣದಲ್ಲಿ ಪಕ್ಷದ ಮೋಟಾರು ಓಡಿದ್ದರೆ ಅದು ದಾಸೋಹಕ್ಕೆ ಬಗೆದ ಅಪಚಾರವೇ. ಯೋಜನೆಯಲ್ಲಿ ಬೇರೆ ಕೊರತೆಗಳೂ ಇದ್ದವು. ಎಂಟು ವರ್ಷದ ಪ್ರಾಥಮಿಕ ಶಿಕ್ಷಣವನ್ನು ಆರಕ್ಕೆ ಇಳಿಸಿದ್ದರು. ತರಬೇತಿಯಿಲ್ಲದ ಶಿಕ್ಷಕರನ್ನು ಅವಸರದಿಂದ ತುಂಬಿಕೊಂಡಿದ್ದರು. ಓದು ಮುಗಿಸಿದ ಹುಡುಗರು ಹೊಲಕ್ಕೂ ಮರಳದೆ, ನೌಕರಿಯೂ ಸಿಗದೆ ಪಟ್ಟಣಗಳಲ್ಲಿ ಅಲೆದರು.

ಮುಂದಿನ ಭಾಗ ದುಃಖದ್ದು. 1962ರಲ್ಲಿ ಪಕ್ಷ ಒಡೆಯಿತು. ಕೇಂದ್ರ ಸರಕಾರವನ್ನು ಉರುಳಿಸಲು ಸಂಚು ಹೂಡಿದರೆಂಬ ಆರೋಪದ ಮೇಲೆ ಅವೊಲೊವೊ ಬಂಧಿತರಾದರು. ವಿಚಾರಣೆ ನಡೆದಿರುವಾಗಲೇ, 1963ರ ಜುಲೈಯಲ್ಲಿ, ಕಾನೂನು ಓದಿ ಬಂದಿದ್ದ ಹಿರಿಯ ಮಗ ಸೆಗುನ್ ಮೋಟಾರು ಅಪಘಾತದಲ್ಲಿ ತೀರಿಕೊಂಡ. ಸೆಪ್ಟೆಂಬರಿನಲ್ಲಿ ತಂದೆಗೆ ಹತ್ತು ವರ್ಷಗಳ ಶಿಕ್ಷೆಯಾಯಿತು. ಎರಡು ತಿಂಗಳ ಅಂತರದಲ್ಲಿ ಮಗನನ್ನು ಮಣ್ಣಿಗೂ ಗಂಡನನ್ನು ಸೆರೆಮನೆಗೂ ಕಳಿಸಿಕೊಟ್ಟ ಡಿಡಿಯೊಲು ತಾಯಿ ಮನೆಯಲ್ಲಿ ಕುಳಿತು ಅಳಲಿಲ್ಲ. 1964ರ ಚುನಾವಣೆಯಲ್ಲಿ ಗಂಡನ ಬದಲಿಗೆ ತಾವೇ ಊರೂರು ತಿರುಗಿ ಜನರ ಮುಂದೆ ನಿಂತರು. ಆ ತಾಯಿ ನೂರು ತುಂಬಲು ಎರಡು ತಿಂಗಳಿರುವಾಗ, 2015ರ ಸೆಪ್ಟೆಂಬರಿನಲ್ಲಿ, ಇಕೆನ್ನೆಯಲ್ಲಿಯೇ ದೇಹಬಿಟ್ಟರು.

ಅವೊಲೊವೊ ಅವರ ಬಿಡುಗಡೆಯ ಹಿಂದೆಯೂ ಒಬ್ಬ ಯೊರುಬಾ ಅಧಿಕಾರಿಯ ಮರಣವಿದೆ. 1966ರಲ್ಲಿ ಪಶ್ಚಿಮ ಪ್ರಾಂತದ ಸೇನಾ ರಾಜ್ಯಪಾಲರಾಗಿದ್ದವರು ಅಡೆಕುನ್ಲೆ ಫಾಜುಯಿ. ರಾಷ್ಟ್ರದ ಸೇನಾಧಿಪತಿ ಇರೊನ್ಸಿ ಜುಲೈ ತಿಂಗಳ ಕೊನೆಯಲ್ಲಿ ಇಬಾದಾನಿಗೆ ಬಂದು ಅವರ ಅತಿಥಿಯಾಗಿದ್ದರು. ಅವರು ಇಗ್ಬೊ ಎಂಬ ಬೇರೆ ಜನಾಂಗದವರು. 29ರಂದು ದಂಗೆಯೆದ್ದ ಸೈನಿಕರು ಮನೆ ಸುತ್ತುಗಟ್ಟಿ ಅತಿಥಿಯನ್ನು ಎಳೆದೊಯ್ದರು. ನನ್ನ ಅತಿಥಿಯನ್ನು ಒಯ್ಯುವುದಾದರೆ ನನ್ನನ್ನೂ ಒಯ್ಯಿರಿ ಎಂದು ಫಾಜುಯಿ ಹಟ ಹಿಡಿದರೆಂದು ಯೊರುಬಾ ಜನ ಇಂದಿಗೂ ಹೇಳುತ್ತಾರೆ. ದಂಗೆಯಲ್ಲಿದ್ದ ಕೆಲವರು ಅದನ್ನು ಅಲ್ಲಗಳೆದಿದ್ದಾರೆ. ಅತಿಥಿ ಆತಿಥೇಯರಿಬ್ಬರನ್ನೂ ಊರ ಹೊರಗೆ ಒಯ್ದು ಕೊಂದದ್ದಂತೂ ನಿಜ. ಆ ದಂಗೆಯಿಂದ ಅಧಿಕಾರಕ್ಕೆ ಬಂದ ಗೊವೊನ್, ಕೆಲವೇ ದಿನಗಳಲ್ಲಿ ಅವೊಲೊವೊ ಅವರನ್ನು ಸೆರೆಯಿಂದ ಬಿಟ್ಟರು.

ಹೊರಬಂದ ಅವೊಲೊವೊ 1967ರಲ್ಲಿ ಗೊವೊನ್ ಸರಕಾರದ ಹಣಕಾಸಿನ ಹೊಣೆ ಹೊತ್ತರು. ಇಗ್ಬೊ ಜನ ಬಿಯಾಫ್ರಾ ಎಂಬ ಬೇರೆ ರಾಜ್ಯ ಘೋಷಿಸಿಕೊಂಡು ಯುದ್ಧ ಆರಂಭವಾಗಿತ್ತು. ಅಲ್ಲಿಗೆ ಆಹಾರ ಹೋಗದಂತೆ ಹಾಕಿದ ದಿಗ್ಬಂಧನವನ್ನು ಅವರು ಸಮರ್ಥಿಸಿದರು. ಲಕ್ಷಾಂತರ ಜನ, ಅವರಲ್ಲಿ ಹೆಚ್ಚಿನವರು ಮಕ್ಕಳು, ಹಸಿವಿನಿಂದ ಸತ್ತರು. ಯುದ್ಧ ಮುಗಿದ ಮೇಲೆ ಬಿಯಾಫ್ರಾದ ಹಣವನ್ನು ಬ್ಯಾಂಕಿನಲ್ಲಿಟ್ಟವರಿಗೆ ಎಷ್ಟೇ ಇರಲಿ ಇಪ್ಪತ್ತು ಪೌಂಡು ಮಾತ್ರ ಕೊಡುವುದೆಂಬ ತೀರ್ಮಾನವೂ ಅವರ ಕಾಲದ್ದೇ. ಇಗ್ಬೊ ಮನೆಗಳಲ್ಲಿ ಅವರ ಹೆಸರನ್ನು ಇಂದಿಗೂ ಕಹಿಯಿಂದ ನೆನೆಯುತ್ತಾರೆ. ತನ್ನ ನಾಡಿನ ಪ್ರತಿ ಕೂಸಿಗೂ ಅಕ್ಷರ ಬೇಕೆಂದವರು ನೆರೆಯ ಕೂಸಿನ ಅನ್ನದ ವಿಷಯದಲ್ಲಿ ಹಾಗೇಕೆ ಕಲ್ಲಾದರು? ಯುದ್ಧಕಾಲದ ನೀತಿ ಎಂದು ಸಮಾಧಾನ ಹೇಳುವವರಿದ್ದಾರೆ. ನಮಗೆ ಅದು ರುಚಿಸದು.

1979ರಲ್ಲಿ ಮತ್ತು 1983ರಲ್ಲಿ ಅವರು ರಾಷ್ಟ್ರಾಧ್ಯಕ್ಷ ಪದವಿಗೆ ನಿಂತು ಸೋತರು. ಆದರೆ 1979ರಲ್ಲಿ ಅವರ ಪಕ್ಷ ಐದು ರಾಜ್ಯಗಳಲ್ಲಿ ಗೆದ್ದು, ಅಲ್ಲೆಲ್ಲ ಉಚಿತ ಶಿಕ್ಷಣ ಮರಳಿ ಬಂದಿತು. ಕರಡು ಬರೆದಿದ್ದ ಅಜಾಸಿನ್ ಎಪ್ಪತ್ತರ ಪ್ರಾಯದಲ್ಲಿ ಒಂಡೊ ರಾಜ್ಯದ ರಾಜ್ಯಪಾಲರಾದರು. ಲಾಗೋಸಿಗೆ ರಾಜ್ಯಪಾಲರಾದವರು ಪತ್ರಕರ್ತ ಲತೀಫ್ ಜಕಾಂಡೆ. ಇವರು ಸರಕಾರಿ ಬಂಗಲೆಗೆ ಹೋಗದೆ ತಮ್ಮ ಸ್ವಂತ ಮನೆಯಲ್ಲಿಯೇ ಉಳಿದರು, ತಮ್ಮ ಹಳೆಯ ಮೋಟಾರಿನಲ್ಲಿಯೇ ಓಡಾಡಿದರು. ಲಾಗೋಸಿನ ಶಾಲೆಗಳಲ್ಲಿ ಆಗ ಜಾಗ ಸಾಲದೆ ಮಕ್ಕಳು ಪಾಳಿಯ ಮೇಲೆ ಓದುತ್ತಿದ್ದರು. ಜಕಾಂಡೆ ಕಡಿಮೆ ಖರ್ಚಿನಲ್ಲಿ, ಅತಿ ಸರಳವಾದ ಕೊಠಡಿಗಳನ್ನು ಸಾಲುಸಾಲಾಗಿ ಎಬ್ಬಿಸಿ ಆ ಪಾಳಿಯನ್ನು ನಿಲ್ಲಿಸಿದರು. ಸ್ಥಿತಿವಂತರು ಆ ಕಟ್ಟಡಗಳನ್ನು ಕೋಳಿಗೂಡುಗಳೆಂದು ಹೀಯಾಳಿಸಿದರು. ಮುಂದೆ 1993ರಲ್ಲಿ ಇದೇ ಜಕಾಂಡೆ ಸೇನಾ ಸರ್ವಾಧಿಕಾರಿ ಅಬಾಚಾನ ಮಂತ್ರಿಮಂಡಲ ಸೇರಿ ಹಳೆಯ ಒಡನಾಡಿಗಳ ಮನಸ್ಸು ನೋಯಿಸಿದರೆಂಬುದನ್ನೂ ಹೇಳಬೇಕು.

ಅವೊಲೊವೊ 1987ರ ಮೇ 9ರಂದು ತಮ್ಮ ಹುಟ್ಟೂರಿನಲ್ಲಿ ತೀರಿಕೊಂಡರು. ಇಫೆಯ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಟ್ಟಿದ್ದಾರೆ. ನೂರು ನೈರಾ ನೋಟಿನ ಮೇಲೆ ಟೋಪಿ, ಕನ್ನಡಕ ಧರಿಸಿದ ಅವರ ಮುಖವಿದೆ. ಜಕಾಂಡೆ 2021ರ ಫೆಬ್ರವರಿ 11ರಂದು ತೀರಿಕೊಂಡಾಗ, ಕೋಳಿಗೂಡೆಂದು ಹೆಸರಾದ ಆ ಕೊಠಡಿಗಳಲ್ಲಿ ಕುಳಿತು ಓದಿದ ಮಕ್ಕಳು ಐವತ್ತರ ಆಸುಪಾಸಿಗೆ ಬಂದಿದ್ದರು.

ಜೋಳ ಕೊಟ್ಟ ಹಿರಿಯರಿಗೆ ಈ ಸಂಚಿಕೆಯ ಒಂದು ಪ್ರತಿಯನ್ನು ಕಳಿಸಿಕೊಡಲು ಹೇಳಿದ್ದೇವೆ. ಅವರು ಮರಳಿ ಏನು ಹೇಳುವರೋ ಕೇಳಿಕೊಂಡು ಬರುವ ತಿಂಗಳು ತಿಳಿಸುತ್ತೇವೆ. ಶರಣು.